ಮುದ್ದೆಯ ಗಾತ್ರವೂ ಆಯಸ್ಸಿನ ಲೆಕ್ಕವೂ

ನಮ್ಮಜ್ಜಿಯ ವಯಸ್ಸು ನಮ್ಮ ಮನೆಯಲ್ಲಿ ಇವತ್ತಿಗೂ ತೀರ್ಮಾನವಾಗದ ವ್ಯಾಜ್ಯ. ಮಳವಳ್ಳಿ ತಾಲ್ಲೂಕಿನ ನಮ್ಮ ಹಳ್ಳಿಗೆ ವೃದ್ಧಾಪ್ಯ ವೇತನದ ಅರ್ಜಿ ಬರೆದುಕೊಳ್ಳಲು ಬಂದವರು "ಎಷ್ಟು ವರ್ಷ ಅಜ್ಜಿ?" ಎಂದು ಕೇಳಿದರೆ, ಅವಳು ಎಲೆಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ದಾಟಿಸಿ, "ಕನ್ನಂಬಾಡಿ ಕಟ್ಟೋವಾಗ ನಾನು ಎಮ್ಮೆ ಕಾಯ್ತಿದ್ದೆ ಕಣಪ್ಪ. ಒಸಿ ನೀನೇ ಲೆಕ್ಕ ಹಾಕ್ಕೊ" ಅಂದಳಂತೆ. ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾದದ್ದು 1911ರಲ್ಲಿ. ಮುಗಿಯಲು ಇಪ್ಪತ್ತು ವರ್ಷ ಹಿಡಿಯಿತು. ಆ ಇಪ್ಪತ್ತು ವರ್ಷದಲ್ಲಿ ಎಮ್ಮೆ ಕಾಯದ ಹುಡುಗಿ ನಮ್ಮ ಸೀಮೆಯಲ್ಲಿ ಯಾರಿದ್ದಳು? ಇನ್ನೊಂದು ಗುರುತು ಕೊಡಜ್ಜಿ ಎಂದರೆ, ದೊಡ್ಡ ಹೊಳೆ ಬಂದ ವರ್ಷ ತನ್ನ ಮದುವೆ ಎಂದಳು. ಅದು 1924ರ ಕಾವೇರಿಯ ಪ್ರವಾಹ, ಅಷ್ಟು ಗಟ್ಟಿ. ಆದರೆ ಮದುವೆಯಾದಾಗ ಹನ್ನೆರಡೋ ಹದಿನಾರೋ, ಅದನ್ನು ಹೇಳಬೇಕಾದವರೆಲ್ಲ ಅವಳಿಗಿಂತ ಮೊದಲೇ ಹೋಗಿಬಿಟ್ಟಿದ್ದರು. 1999ರಲ್ಲಿ ಅವಳು ತೀರಿಕೊಂಡಾಗ ನಮ್ಮಪ್ಪನ ಲೆಕ್ಕದಲ್ಲಿ 87, ಪಿಂಚಣಿ ಕಾಗದದಲ್ಲಿ 96, ತಿಥಿಯ ದಿನ ಊಟಕ್ಕೆ ಕೂತ ಪಂಕ್ತಿಯಲ್ಲಿ 103. ಪಂಕ್ತಿಯಲ್ಲಿ ಎಲೆಯಿಂದ ಎಲೆಗೆ ಅವಳ ವಯಸ್ಸು ಏರುತ್ತಲೇ ಇತ್ತು; ಪಾಯಸ ಬರುವುದು ಇನ್ನೂ ಸ್ವಲ್ಪ ತಡವಾಗಿದ್ದರೆ 110 ಮುಟ್ಟಿಸುತ್ತಿದ್ದರು.

ಇದನ್ನೆಲ್ಲ ನಾನು ಮರೆತೇಬಿಟ್ಟಿದ್ದೆ. 2024ರಲ್ಲಿ ಸಾಲ್ ನ್ಯೂಮನ್ ಎಂಬ ಸಂಶೋಧಕನಿಗೆ ಇಗ್ ನೊಬೆಲ್ ಬಹುಮಾನ ಬಂದ ಸುದ್ದಿ ಓದಿ ಮತ್ತೆ ನೆನಪಾಯಿತು. ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗಳಿಗೆ ಕೊಡುವ ಬಹುಮಾನ ಅದು. ಜಗತ್ತಿನಲ್ಲಿ ನೂರು ದಾಟಿದವರು ಎಲ್ಲಿ ಹೆಚ್ಚು ಎಂದು ಹುಡುಕಿಕೊಂಡು ಹೋದ ನ್ಯೂಮನ್‌ಗೆ ಸಿಕ್ಕಿದ್ದೇನು? ಬಹಳ ಕಡೆ ಶತಾಯುಷಿಗಳು ಕಿಕ್ಕಿರಿದಿರುವುದು ಹುಟ್ಟಿದ ದಾಖಲೆ ಸರಿಯಿಲ್ಲದ, ಬಡತನ ಹೆಚ್ಚಿರುವ, ಪಿಂಚಣಿಯ ಆಸೆಯೂ ಇರುವ ಊರುಗಳಲ್ಲೇ. ನಮ್ಮಜ್ಜಿಯ ತಿಥಿಯ ಪಂಕ್ತಿಯಲ್ಲಿ ಒಂದು ಎಲೆ ಹಾಕಿ ಕೂರಿಸಿದ್ದರೆ ಆತನಿಗೆ ಅಷ್ಟು ವರ್ಷದ ಅಲೆದಾಟ ಉಳಿಯುತ್ತಿತ್ತು.

ಬಡವರ ಮನೆಯ ಎಮ್ಮೆ ಕಾಯುವ ಹುಡುಗಿಯ ಮಾತು ಬಿಡಿ. ಮಂಡ್ಯದ ಗಂಜಿಗೂ ಗದ್ದೆಗೂ ಕಾರಣರಾದ ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ ವರ್ಷವನ್ನೇ ಕೆಲವರು 1860 ಎನ್ನುತ್ತಾರೆ, ಕೆಲವರು 1861 ಎನ್ನುತ್ತಾರೆ. ಕಟ್ಟೆಯನ್ನು ಅಂಗುಲ ಅಂಗುಲ ಅಳೆದವರ ಆಯಸ್ಸಿಗೇ ಒಂದು ವರ್ಷದ ವ್ಯತ್ಯಾಸ! 1962ರ ಏಪ್ರಿಲ್‌ನಲ್ಲಿ ಅವರು ತೀರಿಕೊಂಡಾಗ ಯಾವ ಲೆಕ್ಕದಲ್ಲೂ ನೂರು ದಾಟಿತ್ತು, ಪುಣ್ಯ.

ಆಯಸ್ಸಿನ ಮೇಲೆ ನನಗೆ ಇದ್ದಕ್ಕಿದ್ದಂತೆ ಮೋಹ ಬಂದದ್ದಕ್ಕೆ ಕಾರಣವಿದೆ. ನಿವೃತ್ತಿಯಾದ ಮೇಲೆ ಮಂಡ್ಯದಲ್ಲಿ ನೆಲೆಸಿದ ನನಗೆ ಡಾಕ್ಟರು ರಕ್ತದ ವರದಿ ನೋಡಿ, "ಮೇಷ್ಟ್ರೇ, ಮೂರು ತಿಂಗಳ ಸರಾಸರಿ 8.1 ಬಂದಿದೆ. ಶುಗರ್ ಇದೆ ನಿಮಗೆ" ಅಂದರು. 1933ರಿಂದ ಸಕ್ಕರೆ ಕಾರ್ಖಾನೆ ಇಟ್ಟುಕೊಂಡ ಊರಿನಲ್ಲಿ ಈ ಮಾತು ಕೇಳಿ ಗಾಬರಿಯಾಗುವುದು ಹೇಗೆ? ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ, ಇನ್ನೂ 13 ಕೋಟಿಗೂ ಹೆಚ್ಚು ಜನ ಹೊಸ್ತಿಲಲ್ಲಿ ನಿಂತಿದ್ದಾರೆ ಎಂದು ಐಸಿಎಂಆರ್‌ನ ಸಮೀಕ್ಷೆ 2023ರಲ್ಲಿ ಹೇಳಿತು. ಅಷ್ಟು ದೊಡ್ಡ ಮೆರವಣಿಗೆಯಲ್ಲಿ ನಾನೊಬ್ಬ. ಆದರೂ ಮನಸ್ಸು ಕೇಳಲಿಲ್ಲ. ಅಜ್ಜಿಗೆ ಇಲ್ಲದ ಕಾಯಿಲೆ ನನಗೆ ಹೇಗೆ ಬಂತು? ಅವಳು ಉಂಡದ್ದನ್ನೇ ನಾನೂ ಉಣ್ಣುತ್ತಿದ್ದೇನಲ್ಲ!

ಈ ಮಾತನ್ನು ಊರಿಗೆ ಹೋದಾಗ ಚಿಕ್ಕಪ್ಪನ ಮುಂದೆ ಆಡಿದೆ. ಅವರು ಆಗಷ್ಟೇ ಗದ್ದೆಯಿಂದ ಟಿವಿಎಸ್ ಎಕ್ಸೆಲ್‌ನಲ್ಲಿ ಬಂದಿಳಿದಿದ್ದರು. ಗದ್ದೆ ಎಂದರೆ ಬಹಳ ದೂರವೇನಿಲ್ಲ, ಹಿತ್ತಿಲಿನಿಂದ ಕೂಗಿದರೆ ಕೇಳಿಸುತ್ತದೆ. "ಅನ್ನ ಬಿಡ್ಲಾ. ಮುದ್ದೆ ಉಣ್ಣು. ರಾಗೀಲಿ ಎಲ್ಲದ್ಲಾ ಸಕ್ಕರೆ? ಏನೂ ಆಗಕಿಲ್ಲ" ಎಂದು ಧೈರ್ಯ ಹೇಳಿದರು. ಹೇಳಿದ್ದಷ್ಟೇ ಅಲ್ಲ, ಮಧ್ಯಾಹ್ನ ತಟ್ಟೆಗೆ ಎರಡು ಮುದ್ದೆ ಬಂತು. ಒಂದೊಂದೂ ಸಣ್ಣ ತೆಂಗಿನಕಾಯಿಯಷ್ಟು. ಬಿಸಿ ಮುದ್ದೆ, ಬಸ್ಸಾರು, ಮೇಲೆ ಹಸಿ ಈರುಳ್ಳಿ. ಎರಡನೆಯದನ್ನು ಮುರಿಯುವಾಗ ನನ್ನ ತಲೆಗೆ ಒಂದು ವಿಷಯ ಹೊಳೆಯಿತು. ಈ ಮುದ್ದೆಯ ಅಳತೆ ಅಜ್ಜಿಯದೇ. ಅವಳು ಕಟ್ಟುತ್ತಿದ್ದ ಗಾತ್ರವನ್ನು ಸೊಸೆ ಕಲಿತಳು, ಸೊಸೆಯಿಂದ ಅವಳ ಸೊಸೆ ಕಲಿತಳು. ಮನೆ ಹಂಚಿಹೋಯಿತು, ಎತ್ತು ಹೋಯಿತು, ಕೊಟ್ಟಿಗೆ ಹೋಗಿ ಅಲ್ಲಿ ಕಾರು ಬಂತು. ಮುದ್ದೆಯ ಗಾತ್ರ ಮಾತ್ರ ಕದಲಲಿಲ್ಲ.

ಆ ಮುದ್ದೆಯನ್ನು ಅಜ್ಜಿ ಎಲ್ಲಿ ಖರ್ಚು ಮಾಡುತ್ತಿದ್ದಳು ಎನ್ನುವುದನ್ನು ಸ್ವಲ್ಪ ನೋಡಬೇಕು. ಕೋಳಿ ಕೂಗುವ ಮೊದಲೇ ಬೀಸುವ ಕಲ್ಲಿನ ಮುಂದೆ ಕಾಲು ಚಾಚಿ ಕೂತು ಅವತ್ತಿನ ರಾಗಿ ಬೀಸುತ್ತಿದ್ದಳು. ಆಮೇಲೆ ಕೊಟ್ಟಿಗೆ ಬಾಚಿ, ಮಂಕರಿ ಹೊತ್ತು ತಿಪ್ಪೆಗೆ ಸುರಿದು, ಬಾವಿಯಿಂದ ನೀರು ಸೇದಿ, ಹಿಟ್ಟು ತೊಳಸಿ, ಬುತ್ತಿ ಹೊತ್ತು ಗದ್ದೆಗೆ ನಡೆಯುತ್ತಿದ್ದಳು. ಹೊತ್ತು ಮುಳುಗುವವರೆಗೆ ನಾಟಿ ಅಥವಾ ಕಳೆ, ಬರುವಾಗ ತಲೆಯ ಮೇಲೆ ಹುಲ್ಲಿನ ಹೊರೆ. ಸಂತೆಗೆ ಮಳವಳ್ಳಿಯವರೆಗೆ ನಡಿಗೆ, ಬರುವಾಗಲೂ ನಡಿಗೆ. ಇದಕ್ಕೆ ವ್ಯಾಯಾಮ ಎಂಬ ಹೆಸರಿದೆ ಎಂದು ಯಾರಾದರೂ ಹೇಳಿದ್ದರೆ ಅವಳು ಬಾಯಲ್ಲಿದ್ದ ಎಲೆಅಡಿಕೆಯನ್ನು ಎಲ್ಲಿ ಉಗುಳುತ್ತಿದ್ದಳೋ ಗೊತ್ತಿಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 320 ಕ್ಯಾಲೊರಿ ಇದೆ. ಅದರಲ್ಲಿ ಸುಣ್ಣದ ಅಂಶ ಬೇರೆ ಯಾವ ಧಾನ್ಯದಲ್ಲೂ ಇಲ್ಲದಷ್ಟಿದೆ, ನಾರು ಇದೆ, ನಿಜ. ಆದರೆ ಮೂರರಲ್ಲಿ ಎರಡು ಪಾಲು ಪಿಷ್ಟವೇ. ಚಿಕ್ಕಪ್ಪ ಕೇಳಿದ "ಎಲ್ಲದ್ಲಾ ಸಕ್ಕರೆ" ಎಂಬ ಪ್ರಶ್ನೆಗೆ ಉತ್ತರ ತಟ್ಟೆಯಲ್ಲೇ ಇತ್ತು. ಪಿಷ್ಟ ಹೊಟ್ಟೆಗಿಳಿದ ಮೇಲೆ ಸಕ್ಕರೆಯೇ ಆಗುತ್ತದೆ. ಅಜ್ಜಿಗೆ ಅದು ಸಂಜೆಯೊಳಗೆ ಹುಲ್ಲಿನ ಹೊರೆಯಾಗಿ ಕರಗುತ್ತಿತ್ತು. ನನಗೆ ಅದು ಮಧ್ಯಾಹ್ನದ ನಿದ್ದೆಯಾಗಿ, ಆಮೇಲೆ 8.1 ಆಗಿ ಬಂತು.

ರಾಗಿಯನ್ನು ನಾನು ದೂರುತ್ತಿಲ್ಲ. ದೂರಿದರೆ ಮಂಡ್ಯದಲ್ಲಿ ಬಾಡಿಗೆ ಮನೆಯೂ ಸಿಗಲಿಕ್ಕಿಲ್ಲ. ನಾಲೆ ಬಂದು ಭತ್ತ, ಕಬ್ಬು ಹರಡಿದ ಮೇಲೆ ರಾಗಿಗೆ ಸ್ವಲ್ಪ ಅವಮಾನದ ದಿನಗಳಿದ್ದವು. ಅನ್ನ ಎಂದರೆ ಹಬ್ಬ, ನೆಂಟರು, ಮರ್ಯಾದೆ. ಮುದ್ದೆ ಎಂದರೆ ಮನೆಯವರಿಗೆ ಮಾತ್ರ. ಅಂಥ ಕಾಲದಲ್ಲಿ ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯ ಎಂಬ ವಿಜ್ಞಾನಿ ನಮ್ಮ ರಾಗಿಗೂ ಆಫ್ರಿಕದ ರಾಗಿಗೂ ಗಂಟು ಹಾಕಿ ಇಂಡಾಫ್ ತಳಿಗಳನ್ನು ತಂದರು. ಇಂಡಿಯಾದ ಇಂಡ್, ಆಫ್ರಿಕದ ಆಫ್. ಜನ ಅವರನ್ನು ರಾಗಿ ಬ್ರಹ್ಮ ಎಂದು ಕರೆದದ್ದು ಸುಮ್ಮನೆ ಅಲ್ಲ. ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನಲ್ಲಿ ಸೈಯದ್ ಗನಿಖಾನ್ ನೂರಾರು ದೇಸಿ ಭತ್ತದ ತಳಿಗಳನ್ನು ಬೆಳೆದು ಉಳಿಸುತ್ತಿದ್ದಾರೆ. ಹೀಗೆ ರಾಗಿಗೂ ಭತ್ತಕ್ಕೂ ನಮ್ಮಲ್ಲಿ ದಿಕ್ಕುದೆಸೆಯಿದೆ. ಮೈಗೆಲಸವನ್ನು ಕಾಪಾಡಿ ಬೀಜಕ್ಕಿಡುವವರು ಯಾರೂ ಕಾಣಲಿಲ್ಲ.

ಮೈಗೆಲಸದ ಮಾತು ಬಂದಾಗ ನನಗೆ ಬಹಳ ಇಷ್ಟವಾದ ಕಥೆ ಲಂಡನ್ ಬಸ್ಸಿನದು. ಜೆರೆಮಿ ಮಾರಿಸ್ ಎಂಬ ವೈದ್ಯ ಲಂಡನ್ನಿನ ಸಾವಿರಾರು ಬಸ್ ನೌಕರರನ್ನು ಅಭ್ಯಾಸ ಮಾಡಿ 1953ರಲ್ಲಿ ಒಂದು ವರದಿ ಕೊಟ್ಟ. ಡ್ರೈವರಿಗೆ ಹೃದಯಾಘಾತ ಹೆಚ್ಚು, ಕಂಡಕ್ಟರಿಗೆ ಕಡಿಮೆ ಎಂಬುದು ಅದರ ಸಾರ. ಇಬ್ಬರದೂ ಒಂದೇ ಬಸ್ಸು, ಒಂದೇ ಹೊಗೆ, ಹೆಚ್ಚುಕಡಿಮೆ ಒಂದೇ ಸಂಬಳ. ಆದರೆ ಒಬ್ಬ ದಿನವಿಡೀ ಕೂತಿರುತ್ತಾನೆ, ಇನ್ನೊಬ್ಬ ಎರಡಂತಸ್ತಿನ ಬಸ್ಸಿನಲ್ಲಿ ದಿನಕ್ಕೆ ನೂರಾರು ಮೆಟ್ಟಿಲು ಹತ್ತಿಳಿಯುತ್ತಾನೆ. ಆಮೇಲೆ ಮಾರಿಸ್ ಮತ್ತು ಜೊತೆಗಾರರಿಗೆ ಇನ್ನೊಂದು ಅನುಮಾನ ಬಂತು. 1956ರಲ್ಲಿ ಬಸ್ ಕಂಪನಿ ಹೊಲಿಸಿಕೊಟ್ಟ ಸಮವಸ್ತ್ರದ ಲೆಕ್ಕ ತೆಗೆಸಿ ನೋಡಿದರೆ ಡ್ರೈವರುಗಳ ಪ್ಯಾಂಟಿನ ಸೊಂಟದ ಸುತ್ತಳತೆಯೇ ಹೆಚ್ಚು! ಕೆಲಸಕ್ಕೆ ಸೇರುವಾಗಲೇ ಅವರು ಸ್ವಲ್ಪ ದಪ್ಪಗಿದ್ದರೋ ಏನೋ ಎಂದು ತಮ್ಮ ವಾದವನ್ನು ತಾವೇ ಅನುಮಾನಿಸಿದರು. ದರ್ಜಿಯ ಪುಸ್ತಕದಿಂದ ಹೃದಯದ ಗುಟ್ಟು ಹುಡುಕಿದ ಈ ಬುದ್ಧಿ ನನಗೆ ಬಹಳ ಹಿಡಿಸಿತು. ಮಾರಿಸ್ ತಾನೂ ಓಡುತ್ತ, ಈಜುತ್ತ 99 ವರ್ಷ ಬದುಕಿದ.

ನಮ್ಮ ಬಸ್ಸುಗಳಿಗೆ ಮೇಲಂತಸ್ತು ಇಲ್ಲ. ಆದರೆ ಮದ್ದೂರಿನಿಂದ ಮಳವಳ್ಳಿಗೆ ಹೋಗುವ ಬಸ್ಸಿನಲ್ಲಿ, ಹೆಂಗಸರಿಗೆ ಟಿಕೆಟ್ ಉಚಿತವಾದ ಮೇಲೆ, ಕಂಡಕ್ಟರು ಮುಂದಿನ ಬಾಗಿಲಿನಿಂದ ಹಿಂದಿನ ಬಾಗಿಲಿಗೆ ತಲುಪುವುದನ್ನು ಮಾರಿಸ್ ನೋಡಿದ್ದರೆ ಮೆಟ್ಟಿಲಿನ ಲೆಕ್ಕ ಕೈಬಿಡುತ್ತಿದ್ದ. ರೈಲಿನವರ ಪಾಡು ಬೇರೆ. ಮದ್ದೂರು ಸ್ಟೇಷನ್ನಿನಲ್ಲಿ 1917ರಲ್ಲಿ ಹುಟ್ಟಿತೆನ್ನುವ ವಡೆ ನೂರು ದಾಟಿಯೂ ಗರಿಗರಿಯಾಗಿದೆ. ಪಕೋಡ ಮಾಡಲು ಹೊತ್ತಿಲ್ಲದೆ ಹಿಟ್ಟನ್ನು ತಟ್ಟಿ ಎಣ್ಣೆಗೆ ಬಿಟ್ಟರು ಎಂಬ ಕಥೆ ಮದ್ದೂರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಅವಸರದಿಂದ ಹುಟ್ಟಿದ ತಿಂಡಿಗೇ ದೀರ್ಘಾಯಸ್ಸು! ಅದನ್ನು ತಿಂದವರ ಆಯಸ್ಸಿನ ಬಗ್ಗೆ ನಾನು ಏನೂ ಹೇಳಲಾರೆ. ರವೆ, ಮೈದಾ, ಅಕ್ಕಿಹಿಟ್ಟು ಮೂರೂ ಕೂಡಿ ಎಣ್ಣೆಗೆ ಬಿದ್ದದ್ದು ಎಂದಷ್ಟೇ ನನ್ನ ಹೆಂಡತಿ ಜ್ಞಾಪಿಸುತ್ತಾಳೆ.

ಡಾಕ್ಟರ ಮಾತಿಗೆ ಮಣಿದು ನಾನು ಸರ್ ಎಂ.ವಿ. ಕ್ರೀಡಾಂಗಣದಲ್ಲಿ ಬೆಳಗಿನ ನಡಿಗೆ ಶುರು ಮಾಡಿದೆ. ಅಲ್ಲಿ ನಡೆಯುವವರಲ್ಲಿ ಎರಡು ಪಂಗಡ. ಕೈಗಡಿಯಾರ ನೋಡಿಕೊಂಡು ನಡೆಯುವವರು, ಮಾತಾಡಿಕೊಂಡು ನಡೆಯುವವರು. ಮೊದಲಿನವರಿಗೆ ಹತ್ತು ಸಾವಿರ ಹೆಜ್ಜೆ ವೇದವಾಕ್ಯ. ನನ್ನ ಗೆಳೆಯರೊಬ್ಬರು 9,700ಕ್ಕೆ ಮನೆ ತಲುಪಿಬಿಟ್ಟರೆ ಗೇಟಿನ ಮುಂದೆಯೇ ಉಳಿದ ಮುನ್ನೂರನ್ನು ತಿರುಗಿ ಮುಗಿಸುತ್ತಾರೆ. ಬೀದಿನಾಯಿಗಳು ಈಗ ಬೊಗಳುವುದನ್ನು ಬಿಟ್ಟಿವೆ. ಆ ಹತ್ತು ಸಾವಿರ ಯಾವ ಋಷಿಯೂ ಹೇಳಿದ್ದಲ್ಲ. 1965ರಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರ ಮಾಡಿ ಅದಕ್ಕೆ "ಹತ್ತು ಸಾವಿರ ಹೆಜ್ಜೆಯ ಮಾಪಕ" ಎಂದು ಹೆಸರಿಟ್ಟಿತು, ಅಷ್ಟೇ. 2019ರಲ್ಲಿ ಅಮೆರಿಕದ ವಯಸ್ಸಾದ ಹೆಂಗಸರ ಹೆಜ್ಜೆ ಎಣಿಸಿ ನೋಡಿದಾಗ, ದಿನಕ್ಕೆ 4,400 ಹೆಜ್ಜೆ ಹಾಕುವವರಲ್ಲೇ ಸಾವಿನ ಪ್ರಮಾಣ ಸಾಕಷ್ಟು ತಗ್ಗಿತ್ತು. 7,500ರ ಆಚೆಗೆ ಹೆಚ್ಚಿನ ಲಾಭ ಕಾಣಲಿಲ್ಲ. ಇದನ್ನು ಗೆಳೆಯರಿಗೆ ಹೇಳಿದೆ. ಎರಡು ದಿನ ಮಾತು ಬಿಟ್ಟರು.

ನಡಿಗೆ ಮುಗಿದ ಮೇಲಿನ ಕಥೆ ಬೇರೆಯೇ ಇದೆ. ಎರಡೂ ಪಂಗಡದವರು ಒಂದಾಗಿ ಹೋಟೆಲಿಗೆ ನುಗ್ಗುತ್ತಾರೆ. ಇಡ್ಲಿ, ಜೊತೆಗೆ ಒಂದು ಉದ್ದಿನ ವಡೆ, ಕೊನೆಗೆ "ಶುಗರ್ ಕಮ್ಮಿ" ಕಾಫಿ. ಆ ಕಮ್ಮಿ ಎಷ್ಟು ಎಂದು ಮಾಣಿಗೂ ಗೊತ್ತಿಲ್ಲ, ಕುಡಿಯುವವರಿಗೂ ಬೇಕಿಲ್ಲ.

ಊರಿನ ಸೋಮಾರಿಕಟ್ಟೆಯಲ್ಲಿ ಈ ವಿಷಯ ಎತ್ತಿದರೆ ನನ್ನನ್ನು ಸೋಲಿಸಲು ಒಂದೇ ಅಸ್ತ್ರ ಸಾಕು. "ನಮ್ಮ ತಾತ ದಿನಕ್ಕೆ ಎರಡು ಕಟ್ಟು ಬೀಡಿ ಸೇದಿ ತೊಂಬತ್ತು ವರ್ಷ ಬದುಕಿರಲಿಲ್ವಾ ಮೇಷ್ಟ್ರೇ?" ಇಂಥ ತಾತ ಇಲ್ಲದ ಮನೆಯೇ ನಮ್ಮ ಕಡೆ ಇಲ್ಲ. ಮಂಡ್ಯದ ಹಳ್ಳಿಯಲ್ಲೇ ತೆಗೆದ ರಾಮ್ ರೆಡ್ಡಿಯವರ 'ತಿಥಿ' ಸಿನಿಮಾದಲ್ಲಿ 101 ವರ್ಷದ ಸೆಂಚುರಿ ಗೌಡ ಸಾಯುತ್ತಾನೆ. ಅವನ ಮಗ ಗಡ್ಡಪ್ಪ ಬೀಡಿ, ಬ್ರಾಂದಿ ಹಿಡಿದು ಹೊಲಗದ್ದೆ ಸುತ್ತುತ್ತಾನೆ. ಕಟ್ಟೆಯವರಿಗೆ ಅದು ಸಿನಿಮಾ ಅಲ್ಲ, ಸಾಕ್ಷ್ಯ. ಆದರೆ ಎರಡು ಕಟ್ಟು ಸೇದಿ ಐವತ್ತೆರಡಕ್ಕೇ ಹೋದವರು ವಾದ ಮಾಡಲು ಕಟ್ಟೆಗೆ ಬರುವುದಿಲ್ಲವಲ್ಲ! ಬ್ರಿಟನ್ನಿನಲ್ಲಿ ರಿಚರ್ಡ್ ಡಾಲ್ ಮತ್ತು ಜೊತೆಗಾರರು 1951ರಿಂದ 34 ಸಾವಿರಕ್ಕೂ ಹೆಚ್ಚು ಗಂಡು ವೈದ್ಯರ ಬೆನ್ನು ಹತ್ತಿ, ಐವತ್ತು ವರ್ಷ ಅವರ ಸಾವನ್ನು ಬರೆದುಕೊಂಡರು. ಸೇದುತ್ತಲೇ ಉಳಿದವರು ಸರಾಸರಿ ಹತ್ತು ವರ್ಷ ಮೊದಲೇ ಹೋಗಿದ್ದರು. ಮೂವತ್ತರಲ್ಲಿ ಬಿಟ್ಟವರಿಗೆ ಆ ಹತ್ತೂ ವಾಪಸ್ಸು ಬಂತು. ಐವತ್ತರಲ್ಲಿ ಬಿಟ್ಟವರಿಗೆ ಆರು, ಅರವತ್ತರಲ್ಲಿ ಬಿಟ್ಟವರಿಗೂ ಮೂರು. ಈ ಕೊನೆಯ ಅಂಕಿಯನ್ನು ಕಟ್ಟೆಯಲ್ಲಿ ಹೇಳಿದಾಗ ಮಾತ್ರ ಒಂದು ಬೀಡಿ ಸದ್ದಿಲ್ಲದೆ ಆರಿತು. ಮತ್ತೆ ಹತ್ತಿಸಿದರೋ ಇಲ್ಲವೋ, ನಾನು ಬಸ್ಸು ಹಿಡಿದಿದ್ದೆ.

ಅದೇ ಸೋಮಾರಿಕಟ್ಟೆಯನ್ನು ಪೂರ್ತಿ ಬಯ್ಯುವ ಹಾಗೂ ಇಲ್ಲ. ಕೂತೇ ಇರುವುದು ಕೆಟ್ಟದ್ದು, ಸರಿ. ಆದರೆ ಒಬ್ಬರೇ ಕೂತಿರುವುದು ಇನ್ನೂ ಕೆಟ್ಟದ್ದು. ಜೂಲಿಯಾನ್ ಹೋಲ್ಟ್-ಲುನ್‌ಸ್ಟಾಡ್ ಎಂಬಾಕೆ 2010ರಲ್ಲಿ 148 ಅಧ್ಯಯನಗಳನ್ನು, ಅಂದರೆ ಮೂರು ಲಕ್ಷಕ್ಕೂ ಹೆಚ್ಚು ಜನರ ಲೆಕ್ಕವನ್ನು ಒಟ್ಟಿಗೆ ಹಾಕಿ ನೋಡಿದರು. ನಂಟು, ಗೆಳೆತನ ಗಟ್ಟಿಯಿದ್ದವರು ಬದುಕುಳಿಯುವ ಸಂಭವ ಅರ್ಧದಷ್ಟು ಹೆಚ್ಚಿತ್ತು. ನಮ್ಮ ಕಟ್ಟೆಯಲ್ಲಿ ದಿನ ತಪ್ಪದೆ ಬರುವವರು ಎಂಟು ಜನ. ಒಬ್ಬರು ಬರದಿದ್ದರೆ ಹತ್ತು ಗಂಟೆಯೊಳಗೆ ಅವರ ಮನೆಗೆ ಹುಡುಗನೊಬ್ಬ ಓಡುತ್ತಾನೆ. ಮಂಡ್ಯದ ನನ್ನ ಬಡಾವಣೆಯಲ್ಲಿ ನಾನು ಬಾಗಿಲು ತೆಗೆಯದಿದ್ದರೆ ಮೊದಲು ಗೊತ್ತಾಗುವುದು ಹಾಲಿನವನಿಗೆ, ಅದೂ ಮೂರು ಪ್ಯಾಕೆಟ್ ಕೂಡಿದ ಮೇಲೆ.

ಆಯಸ್ಸಿಗೂ ಬಾಡಿಗೂ ಏನು ಸಂಬಂಧ ಎಂದು ನೀವು ಕೇಳದೆ ಇರಲಾರಿರಿ, ಮಂಡ್ಯ ಎಂದ ಮೇಲೆ. 2024ರ ಡಿಸೆಂಬರಿನಲ್ಲಿ ಇಲ್ಲಿ ನಡೆದ 87ನೇ ಸಾಹಿತ್ಯ ಸಮ್ಮೇಳನದಲ್ಲಿ ಗೋಷ್ಠಿಗಳಿಗಿಂತ ಹೆಚ್ಚು ಚರ್ಚೆಯಾದದ್ದು ಬಾಡೂಟ. ಮಳಿಗೆಗಳಲ್ಲಿ ಮದ್ಯ, ತಂಬಾಕಿನ ಸಾಲಿನಲ್ಲೇ ಮಾಂಸಾಹಾರವನ್ನೂ ನಿಷೇಧದ ಪಟ್ಟಿಗೆ ಸೇರಿಸಿದ್ದಕ್ಕೆ ಜನ ಸಿಟ್ಟಾದರು. ನ್ಯಾಯವಾದ ಸಿಟ್ಟೇ. ಡಾಲ್ ಲೆಕ್ಕವನ್ನು ಓದಿದ ಯಾರೂ ಕೋಳಿಸಾರನ್ನು ಬೀಡಿಯ ಪಕ್ಕ ಕೂರಿಸಲಾರರು. ನಮ್ಮಜ್ಜಿ ಚೆನ್ನಾಗಿಯೇ ಬಾಡು ಉಣ್ಣುತ್ತಿದ್ದಳು. ಆದರೆ ಆಗ ಅದು ಮಾರಿಹಬ್ಬಕ್ಕೆ, ವರ್ಷತೊಡಕಿಗೆ, ನೆಂಟರಿಗೆ ಬರುತ್ತಿತ್ತು. ಈಗ ಭಾನುವಾರಕ್ಕೆ ಬರುತ್ತದೆ, ಬುಧವಾರಕ್ಕೂ ಒಂದು ನೆಪ ಸಿಗುತ್ತದೆ. ಉಳಿದ ದಿನ ಅವಳದು ಹುರುಳಿಕಾಳು, ಅವರೆಕಾಳು, ಬೇಲಿಸೊಪ್ಪು. ಸೊಪ್ಪುಕಾಳು ಬೇಯಿಸಿದ ನೀರನ್ನೂ ಚೆಲ್ಲದೆ ಬಸ್ಸಾರು. ಉಪ್ಪು ಮಾತ್ರ ಧಾರಾಳ. ಹೆಸರೇ ಉಪ್ಸಾರು ಎಂದಿರುವಾಗ ದಿನಕ್ಕೆ 5 ಗ್ರಾಂ ಮೀರಬಾರದೆಂಬ ವಿಶ್ವ ಆರೋಗ್ಯ ಸಂಸ್ಥೆಯ ಮಾತನ್ನು ಯಾರು ಕೇಳುತ್ತಾರೆ? ಬೆವರಿನಲ್ಲಿ ಹೋಗುತ್ತದೆ ಎನ್ನುತ್ತಿದ್ದಳು. ಅವಳಿಗೆ ಹೋಗುತ್ತಿತ್ತು.

ಆ ಸಮ್ಮೇಳನದ ಅಧ್ಯಕ್ಷರು ಗೊ.ರು. ಚನ್ನಬಸಪ್ಪನವರು. ಆಗ ಅವರಿಗೆ 94. ಸಮ್ಮೇಳನಕ್ಕೆ ಹತ್ತು ದಿನ ಮೊದಲು ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯ ಎಸ್.ಎಂ. ಕೃಷ್ಣ ತೀರಿಕೊಂಡಿದ್ದರು, 92. ವಯಸ್ಸಾದ ಮೇಲೂ ಟೆನಿಸ್ ರ‍್ಯಾಕೆಟ್ ಬಿಡದವರು. ಕೃಷ್ಣರಾಜಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನ ಎ.ಎನ್. ಮೂರ್ತಿರಾಯರು, ನಾವೆಲ್ಲ ಪ್ರಬಂಧ ಬರೆಯುವುದನ್ನು ಯಾರಿಂದ ಕಲಿತೆವೋ ಅವರು, 1900ರಲ್ಲಿ ಹುಟ್ಟಿ 2003ರವರೆಗೆ ಇದ್ದರು. ತೊಂಬತ್ತರ ಆಚೆಗೆ 'ದೇವರು' ಎಂಬ ಪುಸ್ತಕ ಬರೆದು, ಅದರಲ್ಲಿ ದೇವರಿಲ್ಲ ಎಂದು ತಣ್ಣಗೆ ವಾದಿಸಿದರು. ದೇವರ ಪೂಜೆಯನ್ನು ಒಂದು ದಿನವೂ ತಪ್ಪಿಸದ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು 111 ವರ್ಷ ಬಾಳಿದರು. ಇಬ್ಬರನ್ನೂ ಎದುರುಬದುರು ಇಟ್ಟು ನೋಡಿದರೆ ನಂಬಿಕೆಯಿಂದ ಗುಟ್ಟು ಸಿಗುವುದಿಲ್ಲ. ಇಬ್ಬರಿಗೂ ಬೆಳಿಗ್ಗೆ ಎದ್ದರೆ ಮಾಡುವ ಕೆಲಸವೊಂದಿತ್ತು, ಅದು ಮಾತ್ರ ಕಣ್ಣಿಗೆ ಬೀಳುತ್ತದೆ.

ಇಷ್ಟೆಲ್ಲ ಹೇಳಿ ಹಳೆಯ ಕಾಲವೇ ಚೆಂದ ಎನ್ನಲು ನನಗೆ ಬಾಯಿ ಬರುವುದಿಲ್ಲ. ನಮ್ಮಜ್ಜಿ ಹೆತ್ತದ್ದು ಒಂಬತ್ತು, ಉಳಿದದ್ದು ಐದು. ಸ್ವಾತಂತ್ರ್ಯ ಬಂದಾಗ ದೇಶದ ಸರಾಸರಿ ಆಯಸ್ಸು ಸುಮಾರು 32, ಈಗ ಸುಮಾರು 70. ಅದನ್ನು ಮುದ್ದೆ ತಂದದ್ದಲ್ಲ, ನಡಿಗೆ ತಂದದ್ದೂ ಅಲ್ಲ. ಲಸಿಕೆ, ಶುದ್ಧ ನೀರು, ಹೆರಿಗೆ ಆಸ್ಪತ್ರೆ ತಂದದ್ದು. ಆ ನಾಲ್ಕು ಮಕ್ಕಳ ಹೆಸರನ್ನು ಅವಳು ಹಬ್ಬದ ಎಡೆ ಇಡುವಾಗ ಮಾತ್ರ ಹೇಳುತ್ತಿದ್ದಳು. ನನ್ನ ಅಣ್ಣನ ಮಗನಿಗೆ ಆ ಯಾವ ಭಯವೂ ಇಲ್ಲ. ಬೆಳಿಗ್ಗೆ ಓಟ್ಸ್, ರಾತ್ರಿ ಚಪಾತಿ, ಜಿಮ್ಮಿನಲ್ಲಿ ಒಂದು ಗಂಟೆ. ಆದರೆ ಬೈಕು ಏರುವಾಗ ಹೆಲ್ಮೆಟ್ಟನ್ನು ತಲೆಗೆ ಹಾಕದೆ ಮೊಣಕೈಗೆ ತೊಡುತ್ತಾನೆ. ಮೊಣಕೈಯ ಆಯಸ್ಸು ಗಟ್ಟಿಯಾಗಿರಲಿ.

ನನ್ನ ಮಟ್ಟಿಗೆ ಮನೆಯಲ್ಲಿ ಒಂದು ಒಪ್ಪಂದವಾಗಿದೆ. ಮುದ್ದೆ ಒಂದು, ಅದೂ ಕಿತ್ತಳೆಹಣ್ಣಿನ ಗಾತ್ರ. ಸೊಪ್ಪು, ಕಾಳು ಬೇಕಾದಷ್ಟು. ಊಟವಾದ ಮೇಲೆ ಮಲಗದೆ ಬೀದಿಯ ಕೊನೆಯವರೆಗೆ ಹೋಗಿ ಬರುವುದು. ಮೊದಲ ವಾರ ಹೆಂಡತಿ ಕಿತ್ತಳೆ ಕಟ್ಟಲು ಹೋಗಿ ಕೈತಪ್ಪಿ ತೆಂಗಿನಕಾಯಿಯನ್ನೇ ಕಟ್ಟುತ್ತಿದ್ದಳು. ಮೂರು ತಲೆಮಾರಿನ ಅಂಗೈ ಅದು, ಒಂದು ವಾರದಲ್ಲಿ ಮರೆಯುತ್ತದೆಯೇ? ಹೋದ ತಿಂಗಳ ವರದಿಯಲ್ಲಿ 7.2 ಬಂತು. ಡಾಕ್ಟರು ಕನ್ನಡಕದ ಮೇಲಿಂದ ನೋಡಿ, "ಮೇಷ್ಟ್ರೇ, ಗ್ರೇಸ್ ಮಾರ್ಕ್ಸ್ ಕೊಟ್ಟು ಪಾಸು ಮಾಡಿದ್ದೀನಿ" ಅಂದರು.

ಮಂಡ್ಯದ ಕಡೆ ಬಂದರೆ ಬೆಳಿಗ್ಗೆ ಆರಕ್ಕೆ ಸರ್ ಎಂ.ವಿ. ಕ್ರೀಡಾಂಗಣಕ್ಕೆ ಬನ್ನಿ. ಎಲ್ಲರಿಗೂ ದಾರಿ ಬಿಟ್ಟುಕೊಟ್ಟು, ಎಲ್ಲರಿಗಿಂತ ಹಿಂದೆ, ಮಾತಾಡಿಕೊಂಡು ಬರುತ್ತಿರುವವನು ನಾನೇ. ಹೆಜ್ಜೆ ಎಣಿಸುವ ಗಡಿಯಾರವಿದ್ದರೆ ಮನೆಯಲ್ಲೇ ಬಿಟ್ಟು ಬನ್ನಿ.